ಪಾಟೀಸವಾಲಿಲ್ಲದ ಸಾಕ್ಷ್ಯ

ಮೈಸೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ, ನಡುಮನೆಯನ್ನು ದಾಟಿ ಒಳಕ್ಕೆ ಹೋದರೆ ಸಿಗುವ ಸಣ್ಣ ಕೋಣೆಯ ಕಬ್ಬಿಣದ ಬೀರುವಿನ ಬಾಗಿಲಿಗೆ, ಅವಳ ಮಗ ಇಂಜಿನಿಯರಿಂಗ್ ಓದಿನ ಕೊನೆಯ ವರ್ಷದಲ್ಲಿದ್ದಾಗ, ವಾರಪತ್ರಿಕೆಯಿಂದ ಕತ್ತರಿಸಿ ತೆಗೆದ ಕೆಂಪು ಕಾರಿನ ಚಿತ್ರವೊಂದನ್ನು ಅಂಟಿಸಿದ್ದ. ಅದರ ಪಕ್ಕದಲ್ಲಿ ಸಮುದ್ರದ ದಂಡೆಯ ಮೇಲಿನ ಒಂದು ಬಂಗಲೆ. ಕೆಳಗೆ, ತಾನೇ ಗೆರೆ ಎಳೆದು ಬ್ಯಾಂಕಿನ ಚೆಕ್ಕಿನ ಆಕಾರಕ್ಕೆ ತಂದ ಕಾಗದದಲ್ಲಿ ತನ್ನ ಹೆಸರಿಗೆ ತಾನೇ ಬರೆದುಕೊಂಡ ಒಂದು ಕೋಟಿ ರೂಪಾಯಿ. ಇವೆಲ್ಲದರ ಮೇಲ್ಗಡೆ, ಬೀರುವನ್ನು ಕೊಂಡುತಂದ ದಿನ ಅವನ ಅಜ್ಜಿ ಇಟ್ಟಿದ್ದ ಅರಿಸಿನ ಕುಂಕುಮದ ಬೊಟ್ಟು ಇನ್ನೂ ಪೂರ್ತಿ ಮಾಸಿರಲಿಲ್ಲ. "ಏನಪ್ಪಾ ಇದು?" ಎಂದು ಕೇಳಿದೆ. "ವಿಷನ್ ಬೋರ್ಡು ಮಾವ. ದಿನಾ ನೋಡ್ತಾ ಇದ್ರೆ ಬಂದೇ ಬರತ್ತೆ. ನೀವು ಆ ಪಿಕ್ಚರ್ ನೋಡಿಲ್ವಾ?" ಎಂದ, ನನ್ನ ಅಜ್ಞಾನಕ್ಕೆ ಮರುಗುವವನಂತೆ. ಅಂದು ರಾತ್ರಿ ಊಟವಾದ ಮೇಲೆ ತಟ್ಟೆಗಳನ್ನು ಸರಿಸಿ, ಮೇಜಿನ ಮೇಲೆ ಲ್ಯಾಪ್‌ಟಾಪನ್ನಿಟ್ಟು, ಒಂದೂವರೆ ಗಂಟೆಯ ಆ ಚಿತ್ರವನ್ನು ನಮ್ಮೆಲ್ಲರಿಗೂ ತೋರಿಸಿದ. ಅರ್ಧ ಕಳೆಯುವುದರೊಳಗೆ ನನ್ನ ತಂಗಿ ಕುಳಿತಲ್ಲೇ ನಿದ್ದೆಹೋದಳು. ನಾನು ಕೊನೆಯವರೆಗೂ ಎಚ್ಚರವಾಗಿದ್ದೆನೆಂಬುದನ್ನು ಚಿತ್ರದ ಹಿರಿಮೆಗೆ ಸಲ್ಲಬೇಕಾದ ಗೌರವವೆಂದೇ ಒಪ್ಪಿಕೊಳ್ಳುತ್ತೇನೆ.

ಅದು 'ದಿ ಸೀಕ್ರೆಟ್', ಎಂದರೆ ರಹಸ್ಯ. ಮೂರು ಕೋಟಿಗೂ ಮಿಕ್ಕಿ ಪ್ರತಿಗಳಾಗಿ, ಐವತ್ತರಷ್ಟು ಭಾಷೆಗಳಲ್ಲಿ ಲೋಕವನ್ನೆಲ್ಲ ಸುತ್ತಿಬಂದ ಸಂಗತಿಯೊಂದಕ್ಕೆ ರಹಸ್ಯವೆಂಬ ಹೆಸರು ಇನ್ನೂ ಸಲ್ಲುತ್ತಿರುವುದೇ ಒಂದು ಚೋದ್ಯ. ಬೆಂಗಳೂರಿನ ಮೆಜೆಸ್ಟಿಕ್ಕಿನ ಸುತ್ತಿನ ಫುಟ್‌ಪಾತುಗಳಲ್ಲಿಯೂ, ಸಿಗ್ನಲಿನ ದೀಪ ಕೆಂಪಾದೊಡನೆ ಕಾರುಗಳ ಕಿಟಕಿಗೆ ಎದೆಮಟ್ಟದ ಪುಸ್ತಕದ ಅಟ್ಟಿಯನ್ನು ಒಡ್ಡುವ ಹುಡುಗರ ಕೈಯಲ್ಲಿಯೂ, ಹಳೆಯ ಚರ್ಮಪತ್ರದ ಬಣ್ಣದ ಹೊದಿಕೆಯ ಮೇಲೆ ಕೆಂಪು ಅರಗಿನ ಮುದ್ರೆಯನ್ನೊತ್ತಿದ ಆ ಪುಸ್ತಕವನ್ನು ಕಾಣದವರು ವಿರಳ. ಅದನ್ನು ಅಲ್ಲಿ ಮೊದಲು ಕಂಡವರು ಪುಸ್ತಕ ಮುಂಚೆ ಬಂದಿತೆಂದೂ, ಅದನ್ನೇ ಯಾರೋ ಚಿತ್ರ ಮಾಡಿದರೆಂದೂ ತಿಳಿಯುವುದು ಸಹಜ. ಆದರೆ ಅದರ ವಂಶಾವಳಿ ಅಷ್ಟು ಸರಳವಲ್ಲ. ಚಿತ್ರ ಲೋಕಕ್ಕೆ ಬಂದದ್ದು 2006ರ ಮಾರ್ಚ್ ತಿಂಗಳಲ್ಲಿ. ಪುಸ್ತಕ ಹೊರಬಿದ್ದದ್ದು ಅದೇ ವರ್ಷದ ನವೆಂಬರಿನಲ್ಲಿ. ಆ ಪುಸ್ತಕದ ಬಹುಭಾಗ ಚಿತ್ರದಲ್ಲಿ ಮಾತನಾಡಿದವರ ಮಾತುಗಳನ್ನು ಹಾಳೆಗಿಳಿಸಿದ್ದು. ಹಾಗೆಂದು ಚಿತ್ರವೇ ಮೂಲವೆನ್ನಲೂ ಬಾರದು. ಅದಕ್ಕೆ ಬೀಜವಾದದ್ದು ಮತ್ತೊಂದು, ಬಹು ಹಳೆಯ, ತೆಳ್ಳನೆಯ ಪುಸ್ತಕ.

2004ರ ಕೊನೆಯ ಹೊತ್ತಿಗೆ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಟೆಲಿವಿಷನ್ನಿಗೆ ಕಾರ್ಯಕ್ರಮಗಳನ್ನು ತಯಾರಿಸಿಕೊಡುತ್ತಿದ್ದ ರೋಂಡಾ ಬೈರ್ನ್ ಎಂಬಾಕೆ, ತಂದೆಯ ಮರಣದಿಂದಲೂ ಉದ್ಯೋಗದ ತೊಡಕುಗಳಿಂದಲೂ ಕಂಗೆಟ್ಟಿದ್ದ ಸಮಯದಲ್ಲಿ, ಆಕೆಯ ಮಗಳು ಅಮ್ಮನ ಕೈಗೆ ಒಂದು ಪುಸ್ತಕವನ್ನಿತ್ತಳಂತೆ. ಅದು ವ್ಯಾಲೇಸ್ ವ್ಯಾಟಲ್ಸ್ ಎಂಬ ಅಮೆರಿಕನ್ 1910ರಲ್ಲಿ ಪ್ರಕಟಿಸಿದ, ಧನಿಕನಾಗುವ ಶಾಸ್ತ್ರವನ್ನು ಹೇಳುವ ಗ್ರಂಥ. ಈ ವ್ಯಾಟಲ್ಸ್ ಕುತೂಹಲ ಹುಟ್ಟಿಸುವ ಮನುಷ್ಯ: ಇಂಡಿಯಾನಾ ಪ್ರಾಂತದಲ್ಲಿ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಅಮೆರಿಕದ ಶಾಸನಸಭೆಗೆ ನಿಂತು ಸೋತವನು, ಸಿರಿವಂತನಾಗುವ ಮಾರ್ಗವನ್ನು ಪ್ರಕಟಿಸಿದ ಮರುವರ್ಷವೇ, 1911ರಲ್ಲಿ, ತೀರಿಕೊಂಡವನು. ಮನುಷ್ಯನ ಆಲೋಚನೆ ಜಗತ್ತಿನ ಮೂಲದ್ರವ್ಯದ ಮೇಲೆ ಮುದ್ರೆಯೊತ್ತುತ್ತದೆ, ಆ ಮುದ್ರೆಯಂತೆ ವಸ್ತುಗಳು ಒದಗಿಬರುತ್ತವೆ ಎಂಬುದು ಅವನ ಸಿದ್ಧಾಂತ. ಆದರೆ ಅದರ ಜೊತೆಗೆ, ಆಲೋಚನೆಯಿಂದ ಬಳಿಗೆ ಬಂದದ್ದನ್ನು ಕೈಗೆ ತೆಗೆದುಕೊಳ್ಳಬೇಕಾದರೆ ಕ್ರಿಯೆ ಅವಶ್ಯವೆಂದೂ, ಇಂದಿನ ಕೆಲಸವನ್ನು ಇಂದೇ ಚೆನ್ನಾಗಿ ಮಾಡಿ ಮುಗಿಸಬೇಕೆಂದೂ ಅವನು ಅಧ್ಯಾಯಗಟ್ಟಲೆ ಹೇಳುತ್ತಾನೆ. ಶತಮಾನದ ಅನಂತರ ಕ್ಯಾಮರಾದ ಎದುರಿಗೆ ಬಂದಾಗ ಸಿದ್ಧಾಂತದ ಮೊದಲರ್ಧ ದಷ್ಟಪುಷ್ಟವಾಗಿ ಬೆಳೆಯಿತು. ಈ ಎರಡನೆಯ ಅರ್ಧ ಸೊರಗಿತು. ಬೆಳಗಿನಿಂದ ಸಂಜೆಯವರೆಗೆ ಒಬ್ಬನು ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದನ್ನು ತೋರಿಸಿದರೆ ಯಾರು ತಾನೆ ನೋಡಿಯಾರು?

ವ್ಯಾಟಲ್ಸ್ ಒಬ್ಬನದೇ ಸಂಶೋಧನೆಯೂ ಇದಲ್ಲ. ಮನಸ್ಸಿನ ನಂಬಿಕೆಯೇ ರೋಗಕ್ಕೂ ಆರೋಗ್ಯಕ್ಕೂ ಕಾರಣವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೋಧಿಸಿದ ಫಿನಿಯಸ್ ಕ್ವಿಂಬಿ ಎಂಬ ಗಡಿಯಾರ ತಯಾರಕನಿಂದ ಹೊರಟ ಈ ಪಂಥಕ್ಕೆ ಅಮೆರಿಕದಲ್ಲಿ 'ನ್ಯೂ ಥಾಟ್', ಎಂದರೆ ನೂತನ ಚಿಂತನೆ, ಎಂದು ಹೆಸರು. ಮನಸ್ಸು ನೆನೆದದ್ದನ್ನೇ ತನ್ನೆಡೆಗೆ ಸೆಳೆಯುತ್ತದೆಂಬ, ನಮ್ಮ ಚಿತ್ರವೂ ರಹಸ್ಯವೆಂದು ಸಾರುವ, ಆಕರ್ಷಣ ನಿಯಮವೆಂಬ ಮಾತನ್ನು ಶೀರ್ಷಿಕೆಯಲ್ಲೇ ಹೊತ್ತ ಪುಸ್ತಕವನ್ನು 1906ರಲ್ಲಿ ಬರೆದವನು ವಿಲಿಯಂ ವಾಕರ್ ಅಟ್ಕಿನ್ಸನ್. ಈ ಮಹಾಶಯನೇ 'ಯೋಗಿ ರಾಮಚರಕ' ಎಂಬ ಹೆಸರನ್ನು ಧರಿಸಿ, ಪ್ರಾಣಾಯಾಮ ಮತ್ತು ರಾಜಯೋಗಗಳನ್ನು ಕುರಿತ ಪುಸ್ತಕಗಳನ್ನು ಬರೆದು ಚಿಕಾಗೋ ನಗರದಿಂದ ಪ್ರಕಟಿಸಿದನೆಂಬುದು ನಮ್ಮವರಿಗೆ ಸ್ವಾರಸ್ಯವೆನಿಸಬಹುದಾದ ಸಂಗತಿ. ನನ್ನ ತಂದೆಯವರ ಪೆಟ್ಟಿಗೆಯಲ್ಲಿ ಆ ಯೋಗಿಯ ಪುಸ್ತಕವೊಂದಿತ್ತು. ಗ್ರಂಥಕರ್ತನು ಹಿಮಾಲಯದವನೆಂದೇ ಅವರು ಕಡೆಯವರೆಗೂ ನಂಬಿದ್ದರು.

ಬೈರ್ನ್ ಈ ಪರಂಪರೆಯ ಜೀವಂತ ಪ್ರತಿನಿಧಿಗಳನ್ನು ಅರಸಿಕೊಂಡು ತನ್ನ ತಂಡದೊಡನೆ 2005ರಲ್ಲಿ ಅಮೆರಿಕಕ್ಕೆ ಹೋದಳು. ಅವಳ ದೇಶದ ಚಾನೆಲ್ ನೈನ್ ಈ ಯೋಜನೆಗೆ ಒಂದು ಪಾಲು ಹಣವನ್ನು ಕೊಟ್ಟಿತ್ತು. ಆದರೆ ಮುಗಿದ ಚಿತ್ರವನ್ನು ನೋಡಿದ ಮೇಲೆ ಅದನ್ನು ಪ್ರಸಾರ ಮಾಡಲೊಲ್ಲದೆ ಕೈಬಿಟ್ಟಿತು. (2007ರಲ್ಲಿ, ಲೋಕವೆಲ್ಲ ನೋಡಿದ ಬಳಿಕ, ಅದೇ ಚಾನೆಲ್ ಅದನ್ನು ತೋರಿಸಿತು.) ಚಿತ್ರಮಂದಿರವೂ ಇಲ್ಲ, ಟೆಲಿವಿಷನ್ನೂ ಇಲ್ಲ ಎಂಬಂಥ ಸ್ಥಿತಿಯಲ್ಲಿ ನಿರ್ಮಾಪಕಿ ಹಿಡಿದ ದಾರಿ ಆ ಕಾಲಕ್ಕೆ ಹೊಸದು: 4.95 ಡಾಲರ್ ಕೊಟ್ಟವರು ಅಂತರ್ಜಾಲದಲ್ಲಿ ತಮ್ಮ ಮನೆಯ ಕಂಪ್ಯೂಟರಿನ ಮೇಲೆಯೇ ಚಿತ್ರವನ್ನು ನೋಡಬಹುದೆಂಬ ಏರ್ಪಾಟು. ಇಂದು ಇದು ನಮಗೆ ಹಾಲು ಹಾಕಿಸಿಕೊಂಡಷ್ಟೇ ಸಾಮಾನ್ಯ; 2006ರಲ್ಲಿ ಹಾಗಿರಲಿಲ್ಲ. ಆಮೇಲೆ ಡಿವಿಡಿಯಾಗಿ ಅದು ಮನೆಯಿಂದ ಮನೆಗೆ ಕೈಬದಲಾಯಿತು. 2007ರ ಫೆಬ್ರವರಿಯಲ್ಲಿ ಅಮೆರಿಕದ ಟೆಲಿವಿಷನ್ ನಿರೂಪಕಿ ಓಪ್ರಾ ವಿನ್‌ಫ್ರೇ ತನ್ನ ಕಾರ್ಯಕ್ರಮದ ಎರಡು ಕಂತುಗಳನ್ನು ಇದಕ್ಕಾಗಿಯೇ ಮೀಸಲಿಟ್ಟಳು. ಅನಂತರದ್ದೆಲ್ಲ ಪ್ರವಾಹ. ಆ ಪ್ರವಾಹದ ಒಂದು ಹನಿ, ಕೆಲವು ವರ್ಷಗಳ ಅನಂತರ, ಮೈಸೂರಿನ ಬೀರುವಿನ ಮೇಲೆ ಕೆಂಪು ಕಾರಾಗಿ ಅಂಟಿಕೊಂಡಿತು.

ಚಿತ್ರದ ವಿವರಗಳಿಗೆ ಬರುತ್ತೇನೆ. ಮೊದಲ ದೃಶ್ಯಗಳಲ್ಲಿ ಪಂಜಿನ ಬೆಳಕು, ಚರ್ಮಪತ್ರದ ಸುರುಳಿ, ಅದನ್ನು ಕದ್ದುಮುಚ್ಚಿ ನಕಲು ಮಾಡಿಕೊಳ್ಳುವ ಕೈಗಳು, ನೆಲದಲ್ಲಿ ಹೂಳುವ ಯೋಧರು, ಮುಚ್ಚಿದ ಬಾಗಿಲುಗಳ ಹಿಂದೆ ಪಿಸುಗುಟ್ಟುವ ಗಣ್ಯರು. ಯುಗಯುಗಗಳಿಂದ ಪ್ರಬಲರು ಈ ರಹಸ್ಯವನ್ನು ಜನರಿಂದ ಬಚ್ಚಿಟ್ಟರೆಂಬುದು ಸೂಚನೆ. ನೂರು ವರ್ಷಗಳಿಂದ ಅಂಗಡಿಯಲ್ಲಿ ದೊರೆಯುತ್ತಿದ್ದ ಪುಸ್ತಕವನ್ನು ಬಚ್ಚಿಟ್ಟವರು ಯಾರೆಂದು ಕೇಳಲು ಚಿತ್ರ ನಮಗೆ ವ್ಯವಧಾನ ಕೊಡುವುದಿಲ್ಲ. ತಕ್ಷಣವೇ ಬೋಧಕರು ಒಬ್ಬರಾದ ಮೇಲೊಬ್ಬರು ತೆರೆಗೆ ಬರುತ್ತಾರೆ. ಪ್ರತಿಯೊಬ್ಬರ ಹೆಸರಿನ ಕೆಳಗೂ ಒಂದೊಂದು ಬಿರುದು: ಈತ ತತ್ತ್ವಜ್ಞಾನಿ, ಈತ ದಾರ್ಶನಿಕ, ಈತ ಪರಾವಿದ್ಯಾವಿಶಾರದ, ಈತ ಕ್ವಾಂಟಂ ಭೌತವಿಜ್ಞಾನಿ. ಭೌತವಿಜ್ಞಾನಿಗಳಿಬ್ಬರು ನಿಜಕ್ಕೂ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದವರೇ. 'ತತ್ತ್ವಜ್ಞಾನಿ' ಎಂಬ ಬಿರುದು ಬಾಬ್ ಪ್ರಾಕ್ಟರ್ ಎಂಬ ಕೆನಡಾದ ಹಿರಿಯ ಉಪನ್ಯಾಸಕಾರನದು. ಅವನ ಜೀವಮಾನದ ವೃತ್ತಿ ಯಶಸ್ಸನ್ನು ಕುರಿತ ತರಬೇತಿ. ನಮ್ಮ ಕಡೆಯ ಆಹ್ವಾನಪತ್ರಿಕೆಗಳಲ್ಲಿ ಹೆಸರಿನ ಹಿಂದೆ ಬಿರುದುಗಳನ್ನು ಪೋಣಿಸುವ ಪದ್ಧತಿಯನ್ನು ಕಂಡು ನಗುವವರು, ತೆರೆಯ ಮೇಲೆ ಅದೇ ಬಿರುದು ಬಿಳಿಯ ಅಕ್ಷರದಲ್ಲಿ ಎರಡು ಕ್ಷಣ ಮಿಂಚಿ ಮಾಯವಾದಾಗ ಮಾತ್ರ ತಲೆಬಾಗುತ್ತಾರೆ.

ಇನ್ನು ಮಾತುಗಳ ನಡುವೆ ಪೋಣಿಸಿದ ಕಿರುನಾಟಕಗಳು. ಒಬ್ಬ ಹುಡುಗನಿಗೆ ಅಂಗಡಿಯ ಸೈಕಲ್ಲಿನ ಮೇಲೆ ಆಸೆ; ಅದರ ಚಿತ್ರವನ್ನಿಟ್ಟುಕೊಂಡು ನೋಡುತ್ತಾನೆ, ಧ್ಯಾನಿಸುತ್ತಾನೆ; ಒಂದು ದಿನ ಬಾಗಿಲು ತೆರೆದರೆ ಸೈಕಲ್ ಎದುರಿಗೆ ನಿಂತಿದೆ. ಗಾಜಿನಾಚೆಗಿನ ಕಂಠಹಾರವನ್ನು ಬಯಸಿದ ಹೆಣ್ಣಿನ ಕೊರಳಿಗೆ ಕಂಠಹಾರ ಬರುತ್ತದೆ. ಅಂಚೆಯಲ್ಲಿ ಬಿಲ್ಲುಗಳನ್ನೇ ನಿರೀಕ್ಷಿಸುವವನಿಗೆ ಬಿಲ್ಲು, ಚೆಕ್ಕನ್ನು ನಿರೀಕ್ಷಿಸಲು ಕಲಿತವನಿಗೆ ಚೆಕ್ಕು. ಇವೆಲ್ಲ ವೇತನ ಪಡೆದ ನಟನಟಿಯರು ಅಭಿನಯಿಸಿದ ದೃಶ್ಯಗಳು. ಅಷ್ಟರ ಮಟ್ಟಿಗೆ ಅವು ಕಲ್ಪಿತ ಕಥೆಯೇ. ಆದರೆ ಅವುಗಳ ಹಿಂದೆಯೂ ಮುಂದೆಯೂ ನಿಜವಾದ ಮನುಷ್ಯರು ನಿಜವಾದ ಹೆಸರಿನಿಂದ ಮಾತನಾಡುತ್ತಿರುವುದರಿಂದ, ಹಾಲಿನ ಜೊತೆ ಬೆರೆತ ನೀರಿನಂತೆ, ಕಥೆಯೂ ಸಾಕ್ಷ್ಯದ ಬಿಳುಪನ್ನೇ ಪಡೆದುಬಿಡುತ್ತದೆ.

ನಿರ್ಮಾಪಕರನ್ನು ಇದಕ್ಕಾಗಿ ಪೂರ್ತಿ ದೂರಲೂ ಮನಸ್ಸು ಬಾರದು, ಏಕೆಂದರೆ ಅವರ ಕೈಗೆ ಬಂದ ಸಾಮಗ್ರಿಯ ಕಷ್ಟವೇ ಅಂಥದು. ವ್ಯಕ್ತಿತ್ವ ವಿಕಸನದ ಪುಸ್ತಕವೆಂಬುದು ಬೋಧೆ. ಕಾದಂಬರಿಗಿರುವಂತೆ ಅದಕ್ಕೆ ಪಾತ್ರಗಳಿಲ್ಲ, ಊರಿಲ್ಲ, ಮಳೆ ಬಿಸಿಲುಗಳಿಲ್ಲ. 'ನೀನು' ಎಂದು ಓದುಗನನ್ನೇ ಕರೆದು ಅದು ಮಾತನಾಡುತ್ತದೆ, ಮತ್ತು ಆ 'ನೀನು' ಎಂಬುವನು ಪುಸ್ತಕದ ಹೊರಗೆ, ಕುರ್ಚಿಯಲ್ಲಿ, ಕಾಫಿ ಲೋಟವನ್ನು ಹಿಡಿದು ಕುಳಿತಿರುತ್ತಾನೆ. ಕ್ಯಾಮರಾ ಅವನ ಕಡೆಗೆ ತಿರುಗುವಂತಿಲ್ಲ. ಇಚ್ಛೆಯನ್ನಾಗಲಿ, ವಿಶ್ವಾಸವನ್ನಾಗಲಿ, ಕೃತಜ್ಞತೆಯನ್ನಾಗಲಿ ಛಾಯಾಚಿತ್ರ ತೆಗೆಯಲು ಬಾರದು. ಆದುದರಿಂದ ಇಂಥ ಪುಸ್ತಕವನ್ನು ಚಿತ್ರವಾಗಿಸುವವರೆಲ್ಲ ಪುಸ್ತಕದಲ್ಲಿ ಬರೆದದ್ದನ್ನು ತೋರಿಸಲಾರದೆ, ಅದನ್ನು ಓದಿ ಉದ್ಧಾರವಾದೆವೆಂದು ಹೇಳುವವರನ್ನು ತೋರಿಸುತ್ತಾರೆ. ಲೂಯಿಸ್ ಹೇ ಎಂಬಾಕೆಯ 1984ರ ಪ್ರಸಿದ್ಧ ಪುಸ್ತಕವನ್ನು ಮೈಕೆಲ್ ಗೂರ್ಜಿಯನ್ 2007ರಲ್ಲಿ ಚಿತ್ರ ಮಾಡಿದಾಗಲೂ ಹೀಗೆಯೇ ಆಯಿತು. ಗ್ರಂಥಕರ್ತಿಯೂ ಆಕೆಯ ಸಹಪಂಥೀಯರೂ ಮಾತನಾಡಿದರು, ನಡುವೆ ಒಬ್ಬ ಕಲ್ಪಿತ ಹೆಣ್ಣಿನ ಕಥೆಯನ್ನು ಹೆಣೆದರು.

ನೆಪೋಲಿಯನ್ ಹಿಲ್ಲನ 'ಥಿಂಕ್ ಅಂಡ್ ಗ್ರೋ ರಿಚ್' ಪುಸ್ತಕದ ಕಥೆಯಂತೂ ಇದಕ್ಕೆ ಬಹಳ ಒಳ್ಳೆಯ ನಿದರ್ಶನ. 1937ರಲ್ಲಿ, ಅಮೆರಿಕದ ಆರ್ಥಿಕ ಮುಗ್ಗಟ್ಟು ಇನ್ನೂ ಮುಗಿಯದಿದ್ದಾಗ ಬಂದ ಈ ಗ್ರಂಥದ ಪೀಠಿಕೆಯೇ ಒಂದು ಪುರಾಣ: 1908ರಲ್ಲಿ ತಾನು ಉಕ್ಕಿನ ಮಹಾಧನಿಕ ಆಂಡ್ರ್ಯೂ ಕಾರ್ನೆಗಿಯನ್ನು ಸಂದರ್ಶಿಸಿದಾಗ, ಯಶಸ್ವಿಗಳಾದವರನ್ನೆಲ್ಲ ಇಪ್ಪತ್ತು ವರ್ಷ ಅಭ್ಯಾಸ ಮಾಡಿ ಅವರ ಯಶಸ್ಸಿನ ಸೂತ್ರವನ್ನು ಬರೆಯುವಂತೆ ಆತನೇ ತನ್ನನ್ನು ನೇಮಿಸಿದನೆಂದು ಹಿಲ್ ಹೇಳುತ್ತಾನೆ. ಕಾರ್ನೆಗಿ 1919ರಲ್ಲೇ ತೀರಿಕೊಂಡಿದ್ದ. ಆತನ ಬೃಹತ್ ಜೀವನಚರಿತ್ರೆಯನ್ನು ಬರೆದ ಡೇವಿಡ್ ನಸಾ, ಇವರಿಬ್ಬರೂ ಎಂದಾದರೂ ಭೇಟಿಯಾಗಿದ್ದರೆಂಬುದಕ್ಕೆ ಯಾವ ಆಧಾರವೂ ತಮಗೆ ಸಿಕ್ಕಲಿಲ್ಲವೆಂದು ಹೇಳಿದ್ದಾರೆ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಹಿಲ್ ಇನ್ನೊಂದು ಸಂಗತಿಯನ್ನು ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಾನೆ: ಪ್ರತಿರಾತ್ರಿ ಮಲಗುವ ಮುನ್ನ ಕಣ್ಣುಮುಚ್ಚಿ, ಲಿಂಕನ್, ಎಮರ್ಸನ್, ಡಾರ್ವಿನ್, ಎಡಿಸನ್ ಮೊದಲಾದ ಒಂಬತ್ತು ಮಂದಿ ಮಹನೀಯರನ್ನು ಕಲ್ಪನೆಯ ಮೇಜಿನ ಸುತ್ತ ಕೂರಿಸಿ, ತಾನೇ ಅಧ್ಯಕ್ಷನಾಗಿ ಸಭೆ ನಡೆಸುತ್ತಿದ್ದನಂತೆ. ಆ ಒಂಬತ್ತು ಮಂದಿಯಲ್ಲಿ ಕಾರ್ನೆಗಿಯೂ ಒಬ್ಬ. ಭೇಟಿ ಎಲ್ಲಿ ನಡೆದಿರಬಹುದೆಂಬ ಬಗ್ಗೆ ನನಗೆ ಒಂದು ಊಹೆಯಿದೆ; ಅದನ್ನು ವಾಚಕರ ಊಹೆಗೇ ಬಿಡುತ್ತೇನೆ.

ಈ ಪುಸ್ತಕಕ್ಕೆ ಎಂಬತ್ತು ವರ್ಷ ತುಂಬಿದಾಗ, 2017ರಲ್ಲಿ, ಸ್ಕಾಟ್ ಸರ್ವೈನ್ ನಿರ್ದೇಶನದಲ್ಲಿ ಅದರ ಪರಂಪರೆಯನ್ನು ಕುರಿತ ಸಾಕ್ಷ್ಯಚಿತ್ರ ಬಂದಿತು. ನ್ಯೂಯಾರ್ಕಿನಲ್ಲಿ ಮನೆ ಮಾರಾಟದ ದೊಡ್ಡ ಸಂಸ್ಥೆ ಕಟ್ಟಿದ ಬಾರ್ಬರಾ ಕೋರ್ಕರನ್, ಬೈಸಿಕಲ್ಲಿನಲ್ಲಿ ಹೋಗುತ್ತಿದ್ದಾಗ ಟ್ರಕ್ಕಿಗೆ ಸಿಕ್ಕಿ ದೇಹ ಜರ್ಝರಿತವಾಗಿದ್ದರೂ ಚೇತರಿಸಿಕೊಂಡು ವಿಮಾನ ಹಾರಿಸಲು ಕಲಿತ ಆಸ್ಟ್ರೇಲಿಯಾದ ಸ್ಕೀ ಆಟಗಾರ್ತಿ ಜನೀನ್ ಷೆಪರ್ಡ್, ಇಂಥವರು ಅದರಲ್ಲಿ ತಮ್ಮ ಕಥೆ ಹೇಳುತ್ತಾರೆ. ಕೆಲವು ಕಥೆಗಳು ನಿಜಕ್ಕೂ ಮನಸ್ಸನ್ನು ಕಲಕುತ್ತವೆ. ಬಾಬ್ ಪ್ರಾಕ್ಟರ್ ಇಲ್ಲಿಯೂ ಇದ್ದಾನೆ. 1961ರಲ್ಲಿ ಹಿಲ್ಲನ ಪುಸ್ತಕ ಕೈಗೆ ಬಂದಂದಿನಿಂದ ತನ್ನ ಬಾಳು ತಿರುಗಿತೆಂದು ಹೇಳುತ್ತಲೇ ಅವನು ತನ್ನ ವೃತ್ತಿಯನ್ನು ಕಟ್ಟಿಕೊಂಡವನು. ಹಾಗೆ ನೋಡಿದರೆ ಅವನ ವಿಷಯದಲ್ಲಿ ಪುಸ್ತಕ ನಿಶ್ಚಯವಾಗಿ ಫಲಿಸಿತು: ಸಿರಿವಂತನಾಗುವ ಪುಸ್ತಕವನ್ನು ಓದಿ, ಸಿರಿವಂತರಾಗುವುದು ಹೇಗೆಂದು ಬೋಧಿಸಿಯೇ ಅವನು ಸಿರಿವಂತನಾದ. ಇಂಥ ಚಿತ್ರಗಳಲ್ಲಿ ಕಾಣಿಸಿಕೊಳ್ಳುವ ಬೋಧಕರಲ್ಲಿ ಎಷ್ಟು ಮಂದಿ ಈ ಮಾದರಿಯವರೆಂಬುದನ್ನು ನೋಡುತ್ತಾ ನೋಡುತ್ತಾ ಎಣಿಸುವುದು ಒಂದು ವಿನೋದ.

ಇಂಗ್ಲಿಷಿನ 'ಡಾಕ್ಯುಮೆಂಟರಿ' ಎಂಬ ಪದದೊಳಗೆ ಇರುವುದು ದಸ್ತಾವೇಜು. ನಮ್ಮವರು ಅದಕ್ಕೆ ಸಮನಾಗಿ 'ಸಾಕ್ಷ್ಯಚಿತ್ರ'ವೆಂಬ ಪದವನ್ನು ಒಪ್ಪಿಕೊಂಡಾಗ, ತಿಳಿದೋ ತಿಳಿಯದೆಯೋ, ಅದನ್ನು ದಾಖಲೆಯ ಕೊಠಡಿಯಿಂದ ನ್ಯಾಯಾಲಯದ ಕಟಕಟೆಗೆ ತಂದರು. ನನ್ನ ತಲೆಮಾರಿನವರು ಈ ಪ್ರಕಾರವನ್ನು ಮೊದಲು ಕಂಡದ್ದು ಚಿತ್ರಮಂದಿರಗಳಲ್ಲಿ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದರು. ಅಣೆಕಟ್ಟು, ಬರಗಾಲ, ಸಿಡುಬಿನ ಲಸಿಕೆ, ಗಂಭೀರವಾದ ಒಂದು ಗಂಡುದನಿ. ಕಡಲೆಕಾಯಿ ಕೊಳ್ಳಲು ಎದ್ದುಹೋಗುತ್ತಿದ್ದವರೂ ಸಹ, ತೆರೆಯ ಮೇಲೆ ತೋರಿಸಿದ ಅಣೆಕಟ್ಟು ಎಲ್ಲಿಯೋ ಇದೆಯೆಂಬುದನ್ನು ಸಂಶಯಿಸುತ್ತಿರಲಿಲ್ಲ. ಕಥಾಚಿತ್ರದಲ್ಲಿ ನಾಯಕ ಸತ್ತರೆ ಅತ್ತು ಎದ್ದುಬರುವ ಪ್ರೇಕ್ಷಕನು ಸಾಕ್ಷ್ಯಚಿತ್ರದಲ್ಲಿ ಹೇಳಿದ್ದನ್ನು ಮನೆಗೆ ಒಯ್ಯುತ್ತಾನೆ. ಅಣೆಕಟ್ಟನ್ನು ಬೇಕಾದವರು ಹೋಗಿ ನೋಡಬಹುದಿತ್ತು, ಆದುದರಿಂದ ಆ ವಿಶ್ವಾಸಕ್ಕೆ ಒಂದು ಆಧಾರವಿತ್ತು. 'ನಾನು ಬಯಸಿದೆ, ವಿಶ್ವ ಕೊಟ್ಟಿತು' ಎಂಬ ಸಾಕ್ಷ್ಯವನ್ನು ಹೋಗಿ ನೋಡುವುದು ಎಲ್ಲಿ?

ನ್ಯಾಯಾಲಯದಲ್ಲಿ ಸಾಕ್ಷಿಯ ಮಾತು ಹೇಳಿದಾಕ್ಷಣ ಸಾಕ್ಷ್ಯವಾಗಿ ಮುಗಿಯುವುದಿಲ್ಲ; ಎದುರುಪಕ್ಷದ ವಕೀಲನ ಪಾಟೀಸವಾಲಿಗೆ ಅದು ತಡೆದು ನಿಲ್ಲಬೇಕು. ನೀನು ಬಯಸಿದ್ದೇನೋ ಸರಿ, ಆದರೆ ಅದೇ ವರ್ಷ ನಿನಗೆ ಸಾಲ ಕೊಟ್ಟವರು ಯಾರು? ನಿನ್ನ ಜೊತೆ ಅದೇ ರೀತಿ ಬಯಸಿದ ನಿನ್ನ ಗೆಳೆಯರು ಏನಾದರು? ಈ ಎರಡು ಪ್ರಶ್ನೆಗಳನ್ನು ಕೇಳುವವನು ಇಂಥ ಚಿತ್ರಗಳಲ್ಲಿ ಇಲ್ಲ. ಪುಸ್ತಕವನ್ನು ಓದುವಾಗ ಆ ವಕೀಲನ ಕೆಲಸವನ್ನು ಓದುಗನೇ ಮಾಡಬಲ್ಲ: ಹಾಳೆಯನ್ನು ಮಡಿಸಿಟ್ಟು ಯೋಚಿಸುತ್ತಾನೆ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ, ಹೆಂಡತಿಯನ್ನು ಕರೆದು ಓದಿ ಹೇಳಿ ಅವಳಿಂದ ಬೈಸಿಕೊಳ್ಳುತ್ತಾನೆ. ಚಿತ್ರ ಹಾಗೆ ಕಾಯುವುದಿಲ್ಲ. ಒಬ್ಬನ ಮಾತಿನ ಬಾಲವನ್ನು ಮತ್ತೊಬ್ಬನ ಮಾತಿನ ತಲೆಗೆ ಕಟ್ಟಿ, ಕೆಳಗೆ ಎಡೆಬಿಡದ ವಾದ್ಯಸಂಗೀತವನ್ನು ಹರಿಯಬಿಟ್ಟು, ಇಪ್ಪತ್ತಕ್ಕೂ ಹೆಚ್ಚು ಮಂದಿ ಒಂದೇ ವಾಕ್ಯವನ್ನು ಪೂರ್ತಿಮಾಡುವಂತೆ ತೋರಿಸುತ್ತದೆ. ಇದು ಸಂಕಲನಕಾರನ ಜಾಣ್ಮೆ. ನೋಡುವವನಿಗೆ ಮಾತ್ರ ಸರ್ವಸಮ್ಮತಿ.

ಚಿತ್ರವನ್ನೇ ಸಾಕ್ಷ್ಯವಾಗಿ ಮುಂದಿಟ್ಟಾಗ ಏನು ಕೇಳಬೇಕೆಂಬುದನ್ನು ಪ್ರಾಚೀನ ಗ್ರೀಸಿನ ಒಬ್ಬ ನಾಸ್ತಿಕ ಬಹು ಹಿಂದೆಯೇ ತೋರಿಸಿದ್ದ. ರೋಮಿನ ಸಿಸೆರೋ ಹೇಳುವ ಕಥೆ ಇದು. ಡಯಾಗೊರಾಸ್ ಎಂಬಾತನನ್ನು ಅವನ ಮಿತ್ರನು ದೇವಾಲಯಕ್ಕೆ ಕರೆದೊಯ್ದು, ಬಿರುಗಾಳಿಯಲ್ಲಿ ಹರಕೆ ಹೊತ್ತು ಬದುಕಿಬಂದ ನಾವಿಕರು ಅರ್ಪಿಸಿದ್ದ ಚಿತ್ರಫಲಕಗಳನ್ನು ತೋರಿಸಿ, ದೇವರಿಲ್ಲವೆನ್ನುವೆಯಲ್ಲ, ಇಷ್ಟು ಮಂದಿ ಉಳಿದದ್ದು ಹೇಗೆ ಎಂದು ಕೇಳಿದನಂತೆ. ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳನ್ನು ಇಲ್ಲಿ ಯಾರೂ ಬರೆಸಿಲ್ಲವಲ್ಲ ಎಂದು ಡಯಾಗೊರಾಸ್ ಉತ್ತರವಿತ್ತ. ಅವರಿಬ್ಬರು ನಿಂತಿದ್ದ ಆ ಗೋಡೆಯನ್ನೇ ಈಗ ಒಂದೂವರೆ ಗಂಟೆಯ ಸುರುಳಿಯಾಗಿ ಸುತ್ತಿಟ್ಟಿದ್ದಾರೆ.

ಮುಳುಗಿದವರ ಲೆಕ್ಕವನ್ನು ಇಡಲು ಯತ್ನಿಸಿದವರೂ ಇಲ್ಲದಿಲ್ಲ. ಜರ್ಮನಿಯ ಮನೋವಿಜ್ಞಾನಿ ಗೇಬ್ರಿಯೆಲೆ ಎಟಿಂಗನ್, ತೂಕ ಇಳಿಸಿಕೊಳ್ಳುವ ಚಿಕಿತ್ಸೆಗೆ ಸೇರಿದ್ದ ಹೆಂಗಸರನ್ನು ಮೊದಲೇ ಪ್ರಶ್ನಿಸಿ, ಒಂದು ವರ್ಷದ ಮೇಲೆ ಫಲವನ್ನು ಹೋಲಿಸಿ ನೋಡಿದರು. ತಮ್ಮ ಪ್ರಯತ್ನ ಸಫಲವಾದೀತೆಂಬ ಭರವಸೆಯುಳ್ಳವರು ಹೆಚ್ಚು ತೂಕ ಇಳಿಸಿದ್ದರು. ಆದರೆ ಆಗಲೇ ಇಳಿಸಿಬಿಟ್ಟಂತೆ ಸುಖಕರವಾದ ಕನಸುಗಳನ್ನು ಹೆಚ್ಚು ಕಂಡವರು ಕಡಿಮೆ ಇಳಿಸಿದ್ದರು. 1991ರಲ್ಲಿ ಪ್ರಕಟವಾದ ಈ ಫಲಿತಾಂಶ ಬೇರೆ ಬೇರೆ ಸಂದರ್ಭಗಳಲ್ಲಿಯೂ ಕಂಡುಬಂದಿದೆಯೆಂದು ಆಕೆ ಮುಂದೆ ಬರೆದರು. ಕನಸಿನಲ್ಲೇ ಊಟ ಮುಗಿಸಿದವನಿಗೆ ಒಲೆ ಹಚ್ಚುವ ಅವಸರವೆಲ್ಲಿಯದು?

ನಮ್ಮ ಕಡೆಯಲ್ಲಿಯೂ ಇಂಥದೊಂದು ಕಥೆಯಿದೆ; ರಾಮಕೃಷ್ಣ ಪರಮಹಂಸರೂ ಅದನ್ನು ಹೇಳುತ್ತಿದ್ದರು. ದಾರಿಹೋಕನೊಬ್ಬ ಬಳಲಿ ಬಂದು, ಅದು ಕಲ್ಪವೃಕ್ಷವೆಂದು ಅರಿಯದೆ ಒಂದು ಮರದ ಕೆಳಗೆ ಕುಳಿತ. ಹಾಸಿಗೆಯೊಂದಿದ್ದರೆ ಎಂದುಕೊಂಡ, ಹಾಸಿಗೆ ಬಂತು; ಊಟವಿದ್ದರೆ ಎಂದುಕೊಂಡ, ಊಟ ಬಂತು. ಹೊಟ್ಟೆ ತುಂಬಿ ಒರಗಿದಾಗ, ಈಗ ಹುಲಿಯೊಂದು ಬಂದರೆ ಗತಿಯೇನು ಎಂದುಕೊಂಡ. 'ದಿ ಸೀಕ್ರೆಟ್' ಚಿತ್ರದಲ್ಲಿ ಕಲ್ಪವೃಕ್ಷದ ಸ್ಥಾನದಲ್ಲಿರುವುದು ಅಲ್ಲಾವುದ್ದೀನನ ದೀಪದ ಭೂತ. ಅದು ಕೈಕಟ್ಟಿ ನಿಂತು, ಒಡೆಯನ ಬಯಕೆಯೇ ತನಗೆ ಆಜ್ಞೆ ಎನ್ನುತ್ತದೆ. ಹುಲಿಯ ಭಾಗವೂ ಚಿತ್ರದಲ್ಲಿ ಇಲ್ಲದಿಲ್ಲ, ಆದರೆ ಅದು ಬರುವ ಬಗೆ ಬೇರೆ: ನಿನ್ನ ಬಾಳಿನಲ್ಲಿ ಬಂದದ್ದನ್ನೆಲ್ಲ, ಬೇಡವಾದದ್ದನ್ನೂ ಸೇರಿಸಿ, ನೀನೇ ಕರೆದದ್ದು ಎನ್ನುತ್ತದೆ ಸಿದ್ಧಾಂತ. ಮೈಸೂರಿನ ಹುಡುಗನಿಗೆ ಕಾರು ಬಾರದಿದ್ದರೆ ಆಗ ನಷ್ಟವಾಗುವುದು ಅಂಟಿನ ಕಾಸು ಮಾತ್ರ. ರೋಗಿಯ ಹಾಸಿಗೆಯ ಬಳಿ ಈ ಮಾತಿನ ತೂಕ ಬೇರೆ. ಚಿತ್ರದಲ್ಲಿ ಹೆಂಗಸೊಬ್ಬಳು, ತಾನು ವಿಶ್ವಾಸದಿಂದಲೂ ಹಾಸ್ಯಚಿತ್ರಗಳನ್ನು ನೋಡಿ ನಗುವುದರಿಂದಲೂ, ವಿಕಿರಣ ಕಿಮೋಥೆರಪಿಗಳಿಲ್ಲದೆ, ಸುಮಾರು ಮೂರು ತಿಂಗಳಲ್ಲಿ ಸ್ತನದ ಕ್ಯಾನ್ಸರಿನಿಂದ ಮುಕ್ತಳಾದೆನೆಂದು ಹೇಳುತ್ತಾಳೆ. ಅದಕ್ಕೆ ಪಾಟೀಸವಾಲಿಲ್ಲ, ವೈದ್ಯರ ಮಾತೂ ಇಲ್ಲ. ಓಪ್ರಾಳ ಕಾರ್ಯಕ್ರಮ ಪ್ರಸಾರವಾದ ಕೆಲವೇ ವಾರಗಳಲ್ಲಿ ಅದೇ ಕಾಯಿಲೆಯ ಮತ್ತೊಬ್ಬ ಹೆಂಗಸು, ತಾನೂ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಈ ಮಾರ್ಗದಲ್ಲೇ ಗುಣ ಹೊಂದುವೆನೆಂದು ಆ ಕಾರ್ಯಕ್ರಮಕ್ಕೆ ಪತ್ರ ಬರೆದಳು. 2007ರ ಮಾರ್ಚಿನಲ್ಲಿ ಓಪ್ರಾ ಆಕೆಯನ್ನು ಕರೆಸಿ, ಆಕರ್ಷಣೆಯ ನಿಯಮವೇ ಎಲ್ಲಕ್ಕೂ ಉತ್ತರವಲ್ಲವೆಂದೂ, ವೈದ್ಯರ ಚಿಕಿತ್ಸೆಯನ್ನು ಬಿಡಬಾರದೆಂದೂ ಎಲ್ಲರೆದುರು ಹೇಳಬೇಕಾಯಿತು. ಆ ಹೆಂಗಸು 2010ರಲ್ಲಿ ತೀರಿಕೊಂಡಳು.

ದೀಪದ ಭೂತದ ಕಥೆಯನ್ನು ಚಿತ್ರದಲ್ಲಿ ನಗುನಗುತ್ತಾ ಹೇಳುವವನು ಜೇಮ್ಸ್ ಆರ್ಥರ್ ರೇ. ದೃಢಕಾಯ, ಹೊಳೆಯುವ ಹಲ್ಲು, ಎದುರಿಗಿರುವವರ ಹೆಗಲ ಮೇಲೆ ಕೈಯಿಟ್ಟಂತೆ ಮಾತನಾಡುವ ಶೈಲಿ. ಚಿತ್ರದಿಂದ ಬಹು ಬೇಗ ಖ್ಯಾತಿಗೆ ಬಂದವರಲ್ಲಿ ಅವನೂ ಒಬ್ಬ. 2009ರ ಅಕ್ಟೋಬರ್ 8ರಂದು, ಅರಿಜೋನಾ ಪ್ರಾಂತದ ಸೆಡೋನಾ ಎಂಬಲ್ಲಿ, ಒಂಬತ್ತು ಸಾವಿರ ಡಾಲರಿಗೂ ಮಿಕ್ಕಿ ಶುಲ್ಕ ತೆತ್ತು ಬಂದಿದ್ದ ಐವತ್ತಕ್ಕೂ ಹೆಚ್ಚು ಮಂದಿ ಶಿಷ್ಯರನ್ನು, ಅಮೆರಿಕದ ಮೂಲನಿವಾಸಿಗಳ ಬೆವರುಗುಡಿಸಲ ವಿಧಿಯ ಅನುಕರಣವಾಗಿ, ಟಾರ್ಪಾಲು ಹೊದಿಸಿದ ತಗ್ಗಿನ ಗುಡಾರದೊಳಗೆ ಕೂರಿಸಿ, ಕಾದ ಕಲ್ಲುಗಳ ಮೇಲೆ ನೀರು ಸುರಿಯುತ್ತಾ ಸುಮಾರು ಎರಡು ಗಂಟೆಗಳ ಕಾಲ ಕಾವನ್ನೇರಿಸಿದ. ಮೂರು ಮಂದಿ ಸತ್ತರು. 2011ರಲ್ಲಿ ನಾಲ್ಕು ತಿಂಗಳಷ್ಟು ಕಾಲ ನಡೆದ ವಿಚಾರಣೆಯ ಅನಂತರ ನ್ಯಾಯದರ್ಶಿಗಳು ನಿರ್ಲಕ್ಷ್ಯದಿಂದಾದ ನರಹತ್ಯೆಯ ಮೂರು ಆರೋಪಗಳಲ್ಲಿಯೂ ಅವನನ್ನು ಅಪರಾಧಿಯೆಂದು ನಿರ್ಣಯಿಸಿದರು. ಎರಡು ವರ್ಷಗಳ ಕಾರಾವಾಸವಾಯಿತು. ಒಳಗಿದ್ದು ಉಳಿದುಬಂದವರು ಕಟಕಟೆಗೆ ಬಂದು, ಎರಡೂ ಪಕ್ಷದ ವಕೀಲರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು.

2016ರಲ್ಲಿ ಜೆನ್ನಿ ಕಾರ್ಚ್‌ಮನ್ ಎಂಬ ನಿರ್ದೇಶಕಿ ಈ ರೇಯ ಏಳುಬೀಳುಗಳನ್ನು ಕುರಿತೇ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಅವನೂ ಮಾತನಾಡುತ್ತಾನೆ, ಗುಡಾರದಲ್ಲಿದ್ದವರೂ ಮಾತನಾಡುತ್ತಾರೆ. ಒಂದು ಚಿತ್ರದಲ್ಲಿ ಭೂತದ ಕಥೆ ಹೇಳಿದ ಅದೇ ಮುಖವನ್ನು ಹತ್ತು ವರ್ಷಗಳ ಅನಂತರ ಮತ್ತೊಂದರಲ್ಲಿ ನೋಡುವುದು ವಿಚಿತ್ರವಾದ ಅನುಭವ. ಮೊದಲ ಚಿತ್ರದ ದೊಡ್ಡ ಲೋಪ ಯಾವುದೆಂಬುದು ನನಗೆ ಸ್ಪಷ್ಟವಾದದ್ದು ಈ ಎರಡನೆಯದನ್ನು ನೋಡಿದ ಮೇಲೆ: ಇದರಲ್ಲಿ ಮಾತಿನ ಮಧ್ಯೆ ಮೌನಗಳಿದ್ದುವು. ಪ್ರಶ್ನೆ ಕೇಳಿದ ಮೇಲೆ ಉತ್ತರ ಹುಡುಕುವಷ್ಟು ಹೊತ್ತು ಕ್ಯಾಮರಾ ಸುಮ್ಮನೆ ಕಾಯುತ್ತಿತ್ತು.

ಇಷ್ಟೆಲ್ಲ ಹೇಳಿದರೂ, ಆ ರಾತ್ರಿ ಊಟದ ಮೇಜಿನ ಬಳಿ ನನ್ನ ಸೋದರಳಿಯನ ಮುಖದಲ್ಲಿ ನಾನು ಕಂಡದ್ದು ಮೂಢತನವಲ್ಲ. ಅವನ ಜೊತೆಯವರಲ್ಲಿ ಅರ್ಧ ಮಂದಿಗೆ ಕೆಲಸ ಸಿಕ್ಕಿತ್ತು, ಇವನಿಗೆ ಸಿಕ್ಕಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತನ್ನೆತ್ತದೆ ನಾಜೂಕಾಗಿ ನಡೆದುಕೊಳ್ಳುತ್ತಿದ್ದೆವು, ಮತ್ತು ಆ ನಾಜೂಕೇ ಅವನಿಗೆ ಹಿಂಸೆಯಾಗಿದ್ದಿರಬೇಕು. ಇಪ್ಪತ್ತಕ್ಕೂ ಹೆಚ್ಚು ಮಂದಿ ಅಪರಿಚಿತರು ಅವನ ಕಣ್ಣಲ್ಲಿ ಕಣ್ಣಿಟ್ಟು, ನಿನಗೆ ಒಳ್ಳೆಯದಾಗುತ್ತದೆ ಎಂದು ಹೇಳಿದ್ದು ಆ ಚಿತ್ರದಲ್ಲಿ ಮಾತ್ರ. ನಾವು ಯಾರೂ ಹೇಳಿರಲಿಲ್ಲ.

ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ಹೋದ ವರ್ಷ ಗೌರಿಹಬ್ಬಕ್ಕೆ ಮೈಸೂರಿಗೆ ಹೋದಾಗ ಬಾಗಿಲಲ್ಲಿ ಒಂದು ಕಾರು ನಿಂತಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಗಿ ಒಣಗಿತ್ತು. ಬಣ್ಣ ಕೆಂಪಲ್ಲ, ಬೂದಿ. ಒಳಗೆ ಹೋಗಿ ಬೀರುವನ್ನು ನೋಡಿದೆ: ಚಿತ್ರಗಳಿರಲಿಲ್ಲ, ಅಂಟಿನ ನಾಲ್ಕು ಕಲೆಗಳು ಮಾತ್ರ ಉಳಿದಿದ್ದುವು. "ಏನಪ್ಪಾ, ಕಡೆಗೂ ಆ ರಹಸ್ಯ ಕೆಲಸ ಮಾಡಿತೋ?" ಎಂದೆ. ಅವನು ಕೀಲಿಕೈಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದ. "ಇನ್ನೂ ಐವತ್ತೆರಡು ಕಂತು ಬಾಕಿ ಇದೆ ಮಾವ," ಎಂದ. "ಕಟ್ಟಿ ಮುಗಿಸ್ತೀನಿ, ಆಮೇಲೆ ಕೇಳಿ."